ಹೂರಣವಿಲ್ಲದ ಮೀನು

ನಮ್ಮ ಅಡುಗೆಮನೆಯಲ್ಲಿ ಟೀ ಪುಡಿ ಡಬ್ಬಿಯ ಪಕ್ಕ ಒಂದು ದಾರದ ಉಂಡೆ ಇರುತ್ತದೆ. ಬಿಳಿಯ ಹೊಲಿಗೆ ದಾರ. ಮನೆಗೆ ಬಂದವರು ಅದನ್ನು ನೋಡಿ, "ಇದೇನು, ಒಲೆ ಪಕ್ಕ ಟೈಲರಿಂಗು ಶುರು ಮಾಡಿದ್ದೀರಾ?" ಎಂದು ಕೇಳುವುದುಂಟು. ಸೊಸೆ ನಗುತ್ತಾಳೆ. ನನ್ನ ಹೆಂಡತಿ ರಾಜಮ್ಮಣ್ಣಿ ನನ್ನ ಕಡೆ ಕೈ ತೋರಿಸಿ, "ಅವರನ್ನೇ ಕೇಳಿ" ಎನ್ನುತ್ತಾಳೆ. ನಾನು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತೇನೆ. ಇವತ್ತು ಪೇಪರು ಇಳಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡೋಣ ಎಂದು ಕೂತಿದ್ದೇನೆ.

ಆ ದಾರ ಇರುವುದು ಕೇಕು ಸೀಳಲು. ಸೀಳುವವನು ನಾನು. ಈ ಕೆಲಸವನ್ನು ನನಗೆ ಯಾರೂ ಕರೆದು ಕೊಟ್ಟದ್ದಲ್ಲ. ನಾನೇ ಮೈಮೇಲೆ ಬಿದ್ದು ಗಿಟ್ಟಿಸಿಕೊಂಡದ್ದು.

ನಾನು ಶಾಲೆಯಲ್ಲಿ ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಆಮೇಲೆ ಓದಿದ್ದೆಲ್ಲ ಬಟ್ಟೆಯ ಅಂಚಿನ ಮೇಲೆ ಅಚ್ಚಾದ ಅಕ್ಷರಗಳನ್ನು. ನಂಜನಗೂಡಿನ ಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದವನು, ಮಂಡಿ ನೋವು ಬಂದು ಇನ್ನು ಕೂತೇಳಲು ಆಗುವುದಿಲ್ಲ ಎನ್ನುವವರೆಗೂ ಅಲ್ಲೇ ಇದ್ದೆ. ರವಿಕೆ ಕಣ ಹರಿಯುವುದರಲ್ಲಿ ನನ್ನದು ಎತ್ತಿದ ಕೈ. ಕತ್ತರಿಯಿಂದ ಅಂಚಿಗೆ ಒಂದು ಸಣ್ಣ ಕಚ್ಚು ಹಾಕಿ, ಒಂದೇ ಒಂದು ನೂಲನ್ನು ಹಿಡಿದು ಎಳೆದರೆ ಬಟ್ಟೆಯ ಉದ್ದಕ್ಕೂ ಒಂದು ಗೆರೆ ಮೂಡುತ್ತದೆ. ಆ ಗೆರೆಯ ಮೇಲೆ ಎರಡು ಕೈಯಿಂದ ಪರ್ರನೆ ಹರಿದರೆ ಕೂದಲೆಳೆಯಷ್ಟೂ ವಾರೆಯಾಗುವುದಿಲ್ಲ. "ಅವರ ಕೈಲೇ ಹರಿಸಿ" ಎಂದು ಹೆಂಗಸರು ನನ್ನ ಕೈ ಬಿಡುವಾಗುವವರೆಗೂ ಕಾಯುತ್ತಿದ್ದರು. ಅವರು ಕಾಯುತ್ತಿದ್ದದ್ದು ನಾನು ಕಣದ ಜೊತೆಗೆ ನಾಲ್ಕು ಬೆರಳು ಹೆಚ್ಚು ಬಿಡುತ್ತಿದ್ದೆನೆಂದು ನಮ್ಮ ಸಾಹುಕಾರರು ಹೇಳುತ್ತಿದ್ದರು. ಅದನ್ನು ನಾನು ಆಗಲೂ ನಂಬಲಿಲ್ಲ, ಈಗಲೂ ನಂಬುವುದಿಲ್ಲ.

ಸೊಸೆ ಪವಿತ್ರ ಮನೆಯಲ್ಲೇ ಕೇಕು ಮಾಡಿ ಮಾರುತ್ತಾಳೆ. ನಮ್ಮದು ಲಿಂಗ ಕಟ್ಟುವ ಮನೆಯಾದ್ದರಿಂದ ಮೊಟ್ಟೆ ಹಾಕದ ಕೇಕು. ದುಂಡನೆಯ ಕೇಕು ಬೇಕಾದರೆ ಬೇಕರಿಗೆ ಹೋದರೂ ಸಿಗುತ್ತದೆ. ಇವಳದು ಆಕಾರದ ಕೇಕು. ಕರಡಿಮರಿಯ ಅಚ್ಚು, ಚಿಟ್ಟೆಯ ಅಚ್ಚು, ಕಾರು, ಗಿಟಾರು, ಹೀಗೆ ಅಲ್ಯೂಮಿನಿಯಂ ಅಚ್ಚುಗಳು ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಸಾಲಾಗಿ ನೇತಾಡುತ್ತವೆ. ಮೊದಲ ಸಲ ಅವನ್ನು ನೋಡಿದಾಗ ನನಗೆ ನಮ್ಮಮ್ಮನ ಸಕ್ಕರೆ ಅಚ್ಚಿನ ಪೆಟ್ಟಿಗೆ ನೆನಪಾಯಿತು. ಸಂಕ್ರಾಂತಿ ಹತ್ತಿರ ಬಂತೆಂದರೆ ಆ ಪೆಟ್ಟಿಗೆ ಅಟ್ಟದಿಂದ ಇಳಿಯುತ್ತಿತ್ತು. ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಿ, ಜೋಡಿ ಹೋಳುಗಳನ್ನು ಸೇರಿಸಿ ಕಟ್ಟಿ, ಅಮ್ಮ ಬಿಸಿ ಪಾಕ ಹುಯ್ಯುತ್ತಿದ್ದಳು. ತಣ್ಣಗಾದ ಮೇಲೆ ಬಿಚ್ಚಿದರೆ ಒಳಗೆ ಗಿಳಿ, ಆನೆ, ತುಳಸಿಕಟ್ಟೆ. ಬಿಡಿಸುವಾಗ ಮುರಿದದ್ದನ್ನು ಎಳ್ಳು ಬೀರಲು ಕಳಿಸುವಂತಿಲ್ಲ. ಅದು ನನ್ನ ಪಾಲು. ಆನೆಯ ಸೊಂಡಿಲು ಮುರಿಯುವುದು ಸುಲಭವೆಂದು ನಾನು ಬಲು ಬೇಗ ಕಲಿತೆ. "ಯಾಕೋ ಈ ಸಲ ಆನೆಗಳೆಲ್ಲ ಮೂಗಿಲ್ದಂಗೆ ಹುಟ್ತಾವಲ್ಲಪ್ಪ" ಎಂದು ಅಮ್ಮ ಪಾಕದ ಪಾತ್ರೆಯನ್ನು ನೋಡಿಕೊಂಡೇ ಹೇಳುತ್ತಿದ್ದಳು. ನನ್ನ ಬಾಯಿ ತುಂಬಿರುತ್ತಿದ್ದರಿಂದ ನಾನು ಉತ್ತರ ಕೊಡುತ್ತಿರಲಿಲ್ಲ.

ಅಚ್ಚು ನನಗೆ ಹೊಸದಲ್ಲ. ಹೊಸದೆನಿಸಿದ್ದು, ಬೆಂದ ಮೇಲೆ ಹೊಟ್ಟೆ ಸೀಳಿ ತುಂಬುವುದು. ನಮ್ಮಲ್ಲಿ ಕಡುಬಾಗಲಿ ಒಬ್ಬಟ್ಟಾಗಲಿ ಮೊದಲು ಹೂರಣ ತುಂಬಿ ಆಮೇಲೆ ಬೇಯಿಸುತ್ತೇವೆ. ಎಣ್ಣೆಗಾಯಿಯ ಬದನೆಕಾಯಿಯನ್ನೂ ಹಸಿಯಾಗಿರುವಾಗಲೇ ಸೀಳುತ್ತೇವೆ. "ಅಲ್ಲ ಕಣವ್ವ, ಒಳಗೆ ಹಾಕೋದನ್ನ ಮೊದಲೇ ಹಾಕಿ ಬೇಯಿಸಿದ್ರೆ ಒಂದು ಕೆಲಸ ಉಳೀತದಲ್ಲ?" ಎಂದು ನಾನು ಪವಿತ್ರಳಿಗೆ ಉಪದೇಶ ಮಾಡಿದೆ. "ಕ್ರೀಮು ಕರಗಿ ಹೋಗ್ತದೆ ಮಾವ" ಎಂದಳು. ಅವಳ ದನಿಯಲ್ಲಿ ನಗುವಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಅವಳು ನಮ್ಮ ಮನೆಯಲ್ಲಿ ಯಾವತ್ತೂ ದನಿ ಏರಿಸಿದವಳಲ್ಲ, ಗಟ್ಟಿಯಾಗಿ ನಕ್ಕವಳೂ ಅಲ್ಲ.

ಒಂದು ದಿನ ಅವಳು ಬ್ರೆಡ್ಡು ಕುಯ್ಯುವ ಚಾಕುವಿನಿಂದ ಕರಡಿಮರಿಯನ್ನು ಅಡ್ಡಕ್ಕೆ ಸೀಳುತ್ತಿದ್ದಳು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ. ಬಾಗಿಲಲ್ಲಿ ನಿಂತಿದ್ದ ನನ್ನ ನಾಲಿಗೆ ಲೊಚ್ಚೆಂದಿತು. "ಚಾಕುವಿಗೆ ಏನು ಗೊತ್ತು ನೇರ ಯಾವುದು ವಾರೆ ಯಾವುದು? ದಾರ ತಗೊಂಬಾ" ಎಂದೆ. ಅಂದಿನಿಂದ ಆ ಕೆಲಸ ನನ್ನದಾಯಿತು.

ಕೆಲಸದ ಕ್ರಮವನ್ನು ಹೇಳದಿದ್ದರೆ ನನ್ನ ಅಪರಾಧ ನಿಮಗೆ ಸರಿಯಾಗಿ ತಿಳಿಯುವುದಿಲ್ಲ. ಮೊಟ್ಟೆಯಿಲ್ಲದ ಕೇಕು ಬಲು ಪುಡಿಪುಡಿ. ಬಿಸಿಯಿರುವಾಗ ಮುಟ್ಟಬಾರದು, ಚೆನ್ನಾಗಿ ಆರಿಸಿ, ಸುತ್ತಿ ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಬೇಕು. ಆಕಾರದ ಕೇಕಿಗೆ ಅಚ್ಚಿನ ಕಡೆ ಮೂಗು ಕಣ್ಣು ಮೂಡಿರುತ್ತವೆ, ಅಚ್ಚಿನ ತೆರೆದ ಬಾಯಿಯ ಕಡೆ ಗುಡ್ಡದ ಹಾಗೆ ಉಬ್ಬಿರುತ್ತದೆ. ಅದನ್ನು ಮತ್ತೆ ಅಚ್ಚಿನೊಳಗೇ ಕೂರಿಸಿ, ಅಂಚಿಗೆ ಚಾಕು ಒರಗಿಸಿ ಆ ಉಬ್ಬನ್ನು ಸವರಿ ತೆಗೆಯಬೇಕು. ಆಮೇಲೆ ಹಲಗೆಯ ಮೇಲೆ ಮಗುಚಿ, ಸುತ್ತಲೂ ಒಂದೇ ಎತ್ತರದಲ್ಲಿ ಹಲ್ಲುಕಡ್ಡಿ ಚುಚ್ಚಿ, ಆ ಕಡ್ಡಿಗಳ ಮೇಲೆ ದಾರ ಸುತ್ತಿ, ತುದಿಗಳನ್ನು ಅಡ್ಡ ಹಾಯಿಸಿ ನಿಧಾನಕ್ಕೆ ಎಳೆಯಬೇಕು. ದಾರ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ಕಿವಿ, ಬಾಲದಂಥ ತೆಳು ಭಾಗಗಳ ತಂಟೆಗೆ ಹೋಗದೆ ಹೊಟ್ಟೆಯನ್ನಷ್ಟೇ ಬಿಡಿಸಬೇಕು. ಮೇಲಿನ ಹೋಳನ್ನು ಕೈಯಿಂದ ಎತ್ತಿದರೆ ಮುರಿಯುತ್ತದೆ. ನಡುವೆ ಒಂದು ದಪ್ಪ ರಟ್ಟು ತೂರಿಸಿ ಎತ್ತಬೇಕು. ಅದಕ್ಕೆ ನಾನು ಮದುವೆಯ ಕರೆಯೋಲೆಗಳನ್ನು ಬಳಸುತ್ತೇನೆ. ಈಗಿನ ಕರೆಯೋಲೆಗಳು ಹಲಗೆಯಷ್ಟು ಗಟ್ಟಿ. ಮದುವೆಗೆ ಹೋಗದಿದ್ದರೂ ಎಷ್ಟೋ ವಧೂವರರು ನನಗೆ ಉಪಕಾರ ಮಾಡಿದ್ದಾರೆ. ಕೊನೆಗೆ ಅಂಚಿನುದ್ದಕ್ಕೂ ಕ್ರೀಮಿನ ಬದು ಕಟ್ಟಿ, ಒಳಗೆ ಹೂರಣ ತುಂಬಿ, ಮುಚ್ಚಿ, ಸೀಳಿದ ಗುರುತು ಕಾಣದ ಹಾಗೆ ಸುತ್ತಲೂ ತೆಳ್ಳಗೆ ಕ್ರೀಮು ಸವರುತ್ತೇನೆ. ಬಣ್ಣ, ಅಲಂಕಾರ ಎಲ್ಲ ಪವಿತ್ರಳದು.

ನನ್ನ ಜಂಬದ ಬಗ್ಗೆಯೂ ಹೇಳಬೇಕು. ಕ್ಷೌರದಂಗಡಿಯಲ್ಲಿ, ಔಷಧಿ ಅಂಗಡಿಯಲ್ಲಿ, ಎಲ್ಲಿ ಹೋದರೂ "ಕೇಕು ಮಾಡೋದು ಸೊಸೆ, ಆದ್ರೆ ಸೀಳೋದು ನಾನು" ಎನ್ನುತ್ತಿದ್ದೆ. ಕೇಕೆಂದರೆ ಸೀಳುವುದೇ, ಬೇಯಿಸುವುದು ಅದಕ್ಕೆ ಮುಂಚಿನ ಸಣ್ಣ ತಯಾರಿ ಎಂದು ಕೇಳಿದವರಿಗೆ ಅನ್ನಿಸಬೇಕು, ಹಾಗೆ ಹೇಳುತ್ತಿದ್ದೆ.

ಪವಿತ್ರಳ ತವರು ತಿರುಮಕೂಡಲು ನರಸೀಪುರದ ಹತ್ತಿರದ ಸೋಸಲೆ. ಗೌಡರ ಮನೆಯ ಹುಡುಗಿ. ನನ್ನ ಮಗ ಮಹೇಶ ಮೈಸೂರಿನಲ್ಲಿ ಓದುವಾಗ ಇಬ್ಬರೂ ಇಷ್ಟಪಟ್ಟು ಮದುವೆಯಾದರು. ಅವಳ ಮನೆಯವರು ಮದುವೆಗೆ ಬರಲಿಲ್ಲ. ಬೈಯಲಿಲ್ಲ, ಜಗಳವಾಡಲಿಲ್ಲ, ಬರಲಿಲ್ಲ ಅಷ್ಟೆ. ಆಮೇಲೆ ಗೌರಿ ಹಬ್ಬಗಳು ಬಂದವು, ತವರಿನ ಬಾಗಿನ ಬರಲಿಲ್ಲ. ಹಬ್ಬದ ದಿನ ಪವಿತ್ರ ಬಾಗಿಲ ಕಡೆ ನೋಡುವುದನ್ನು ರಾಜಮ್ಮಣ್ಣಿ ಕಂಡಿದ್ದಳು, ನನಗೆ ಹೇಳಿದ್ದಳು. ಕಾವೇರಿ ದಂಡೆಯ ಊರಿನಲ್ಲಿ ಮೀನು ತಿಂದು ಬೆಳೆದವಳು ನಮ್ಮ ಮನೆಗೆ ಬಂದ ದಿನದಿಂದ ಮೀನಿನ ಹೆಸರನ್ನೂ ಎತ್ತಲಿಲ್ಲ. ಅದನ್ನು ನಾನು ನಮ್ಮ ಮನೆತನದ ಹೆಚ್ಚುಗಾರಿಕೆ ಎಂದುಕೊಂಡಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಅವಳ ಅಣ್ಣ ಕುಮಾರನ ಫೋನು ಬಂತು. ಇವಳ ಕೇಕುಗಳ ಫೋಟೋ ಯಾರ ಮೊಬೈಲಿನಲ್ಲೋ ಅವನ ಮಗಳು ಚಿನ್ನುವಿನ ಕಣ್ಣಿಗೆ ಬಿದ್ದಿತ್ತಂತೆ. ಪವಿತ್ರ ಫೋನಿನ ಸ್ಪೀಕರು ಹಾಕಿದ್ದಳು, ಕೈ ಹಿಟ್ಟಾಗಿತ್ತು.

"ಚಿನ್ನುಗೆ ಉಟ್ಟಿದಬ್ಬಕ್ಕೆ ಮೀನಿನ್ ಕೇಕೇ ಬೇಕಂತೆ ಕಣವ್ವ. ಮಾಡ್ಕೊಟ್ಟೀಯಾ?"

"ಮಾಡ್ತೀನಿ ಅಣ್ಣ."

ಆಮೇಲೆ, "ನೀನೇ ತಗಂಡ್ ಬಾ. ಅವ್ವನೂ ಅದೇ ಅಂದ್ಲು" ಎಂದ.

ಪವಿತ್ರ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. "ಅವ್ವಂಗೆ ಹೇಳಣ್ಣ, ಒಳಗೆ ಕಾಯಿಬೆಲ್ಲದ ಹೂರಣ ಹಾಕ್ಕೊಂಡು ಬರ್ತೀನಿ ಅಂತ. ಅವಳು ಕಡುಬಿಗೆ ಮಾಡ್ತಿದ್ಳಲ್ಲ, ಅದೇ." ಕೇಕಿಗೆ ಕಾಯಿಬೆಲ್ಲದ ಹೂರಣ ಯಾರೂ ಹಾಕುವುದಿಲ್ಲ. ಅವಳು ತಾಯಿಗೆ ಏನೋ ಹೇಳಿ ಕಳಿಸುತ್ತಿದ್ದಾಳೆ, ಬಾಯಿಯಲ್ಲಿ ಹೇಳಲಾಗದ್ದನ್ನು ಮೀನಿನ ಹೊಟ್ಟೆಯಲ್ಲಿಟ್ಟು ಕಳಿಸುತ್ತಿದ್ದಾಳೆ ಎಂಬುದು ಜವಳಿ ಅಂಗಡಿಯವನಿಗೂ ಅರ್ಥವಾಗುವಂತಿತ್ತು. ನನಗೂ ಅರ್ಥವಾಯಿತು. ಅರ್ಥವಾಗಿಯೂ ಮಾಡಿದೆ ಎನ್ನುವುದೇ ನನ್ನ ಕಷ್ಟ.

ಮೀನಿನ ಅಚ್ಚು ಪಾರ್ಸೆಲಿನಲ್ಲಿ ಬಂತು. ಮೈಯೆಲ್ಲ ಹುರುಪೆ, ಒಂದು ದುಂಡು ಕಣ್ಣು, ಅರೆ ತೆರೆದ ಬಾಯಿ. ಕಟ್ಟು ಬಿಚ್ಚಿದ ಕೂಡಲೇ ನಾನು, "ಇದು ನಮ್ಮ ಅಡುಗೆಮನೇಲಿ ನೇತಾಡಬೇಕಾ?" ಎಂದೆ.

"ಅಲ್ಯೂಮಿನಿಯಂ ಕಣ್ರೀ ಅದು, ಈಜಲ್ಲ" ಎಂದಳು ರಾಜಮ್ಮಣ್ಣಿ.

ಹೊರಡುವ ದಿನ ಬೆಳಿಗ್ಗೆ ಕೇಕು ಗಟ್ಟಿಯಾಗಿ ಹಲಗೆಯ ಮೇಲೆ ಮಲಗಿತ್ತು. ಪಕ್ಕದ ಬಟ್ಟಲಲ್ಲಿ ಹೂರಣ. ಏಲಕ್ಕಿಯ ವಾಸನೆ ನಡುಮನೆಯವರೆಗೂ ಬಂದಿತ್ತು. "ಮಾವ, ನಾನು ಸ್ನಾನ ಮುಗಿಸಿ ಬರೋಷ್ಟರಲ್ಲಿ ಸೀಳಿ ತುಂಬಿರ್ತೀರಾ?" ಎಂದು ಪವಿತ್ರ ಕೇಳಿದಳು. "ನನಗೆ ಬಿಡು" ಎಂದೆ. ಆ ಮಾತು ನನ್ನ ಬಾಯಿಂದ ತಾನಾಗಿ ಬರುತ್ತದೆ, ಕೆಮ್ಮು ಬಂದ ಹಾಗೆ.

ಕಡ್ಡಿ ಚುಚ್ಚಿದೆ. ದಾರ ಸುತ್ತಿದೆ. ತುದಿಗಳನ್ನು ಹಿಡಿದು ಎಳೆಯಬೇಕು, ಆ ದುಂಡು ಕಣ್ಣು ನನ್ನನ್ನೇ ನೋಡಿತು. ನಾನು ಸೀಳಹೊರಟಿರುವುದು ಮೀನಿನ ಹೊಟ್ಟೆಯನ್ನು, ಕೊರಳಲ್ಲಿ ಲಿಂಗವಿದೆ, ಈಗಷ್ಟೇ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದಿದ್ದೇನೆ. ಮೈದಾ, ಮೊಸರು, ಸಕ್ಕರೆ ಎಂದು ಮನಸ್ಸಿಗೆ ಹೇಳಿಕೊಂಡೆ. ಕೈ ಕೇಳಲಿಲ್ಲ. ಹಿಂದಿನ ವಾರ ಇದೇ ಕೈ ಒಂದು ಕರಡಿಯ ಹೊಟ್ಟೆ ಸೀಳಿ ಸ್ಟ್ರಾಬೆರಿ ಜಾಮು ತುಂಬಿತ್ತು. ಆಗ ಜಾಮಿನ ಕೆಂಪು ಕಂಡೂ ನನಗೆ ಏನೂ ಆಗಿರಲಿಲ್ಲ. ಕರಡಿಯನ್ನು ನಮ್ಮ ಕಡೆ ಯಾರೂ ತಿನ್ನುವುದಿಲ್ಲ, ಅದಕ್ಕೇ ಇರಬೇಕು.

ಆಗುವುದಿಲ್ಲ ಎಂದು ಹೇಳಿಬಿಟ್ಟಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಊರೆಲ್ಲ ಹೇಳಿಕೊಂಡು ತಿರುಗಿದ ಸೀಳುವವನು ಒಂದು ಕೇಕಿನ ಎದುರು ಸೋತೆ ಎಂದು ಸೊಸೆಯ ಮುಂದೆ ಹೇಗೆ ಹೇಳಲಿ? ದಾರ ಬಿಚ್ಚಿದೆ, ಕಡ್ಡಿ ಕಿತ್ತೆ, ತೂತು ಮುಚ್ಚುವ ಹಾಗೆ ಸುತ್ತಲೂ ಕ್ರೀಮು ಸವರಿದೆ. ನೋಡಿದರೆ ಸೀಳಿ ತುಂಬಿದ ಕೇಕೇ. ಉಳಿದದ್ದು ಹೂರಣ. ಎಲ್ಲಿ ಬಚ್ಚಿಟ್ಟರೂ ವಾಸನೆ ಹಿಡಿದುಕೊಡುತ್ತದೆ. ನಾನು ಸಕ್ಕರೆ ಕಾಯಿಲೆಯವನು. ನಿಂತಲ್ಲೇ ಅಷ್ಟನ್ನೂ ತಿಂದೆ. ರುಚಿಯಾಗಿತ್ತು ಎಂದು ಹೇಳದೆ ಇರಲಾರೆ. ಆಮೇಲೆ ಬಟ್ಟಲನ್ನೂ ತೊಳೆದೆ, ಅದೇ ತಪ್ಪಾಯಿತು.

"ಇದೇನಿದು, ಹುಟ್ಟಿದಾಗ್ಲಿಂದ ಒಂದು ಲೋಟ ತೊಳೀದೋರು ಬಟ್ಲು ತೊಳೀತಾವ್ರೆ?" ರಾಜಮ್ಮಣ್ಣಿ ಬಾಗಿಲಲ್ಲಿದ್ದಳು.

"ಪವಿತ್ರಂಗೆ ಬಸ್ಸಿಗೆ ಹೊತ್ತಾಗ್ತದೆ ಅಂತ."

ಅವಳು ನನ್ನ ಮೀಸೆಯನ್ನು ನೋಡಿದಳು. ಮೀಸೆಯಲ್ಲಿ ಕಾಯಿತುರಿ ಇತ್ತೋ ಏನೋ. "ಏನೋ ಮಾಡಿದ್ದೀರಿ ನೀವು" ಎಂದು ಹೋದಳು. ಏನೆಂದು ಅವಳಿಗೆ ತಿಳಿಯಲಿಲ್ಲ.

ಪವಿತ್ರ ಬಂದು ಹುರುಪೆಗಳಿಗೆ ನೀಲಿ ಬಣ್ಣ ಹಚ್ಚಿದಳು, ಕಣ್ಣಿಗೆ ಚಾಕೊಲೇಟಿನ ಬಿಲ್ಲೆ ಇಟ್ಟಳು. ಡಬ್ಬಿಗೆ ಇಡುವಾಗ ಕೈಯಲ್ಲಿ ತೂಗಿ ನೋಡಿ, "ಹಗುರ ಅನ್ನಿಸ್ತದೆ ಅಲ್ವಾ ಮಾವ?" ಎಂದಳು.

"ಚೆನ್ನಾಗಿ ಉಬ್ಬಿದೆ ಕಣವ್ವ" ಎಂದೆ.

ಮಹೇಶನಿಗೆ ಫ್ಯಾಕ್ಟರಿಯಲ್ಲಿ ಪಾಳಿ. ಇಷ್ಟು ವರ್ಷದ ಮೇಲೆ ಹೆಣ್ಣುಮಗಳು ಒಬ್ಬಳೇ ಹೋಗಬಾರದು, ಮನೆಯ ಹಿರಿಯರೊಬ್ಬರು ಜೊತೆಗಿರಬೇಕೆಂದು ರಾಜಮ್ಮಣ್ಣಿ ನನ್ನನ್ನು ಹೊರಡಿಸಿದಳು. ಬಸ್ಸಿನಲ್ಲಿ ಡಬ್ಬಿ ನನ್ನ ತೊಡೆಯ ಮೇಲೆ. ಪಕ್ಕದಲ್ಲಿ ಕೂತಿದ್ದ ತಗಡೂರಿನ ಮುದುಕಿಯೊಬ್ಬಳು, "ಏನ್ ಸಾ ಅದು, ಅಷ್ಟು ಜೋಪಾನ?" ಎಂದು ಕೇಳಿದಳು. ಪವಿತ್ರ ಮುಚ್ಚಳ ಸ್ವಲ್ಪ ಎತ್ತಿ ತೋರಿಸಿದಳು. ಮುದುಕಿ ನನ್ನ ಹಣೆಯ ವಿಭೂತಿಯನ್ನೊಮ್ಮೆ, ಮೀನನ್ನೊಮ್ಮೆ ನೋಡಿ, ಸೆರಗು ಸರಿ ಮಾಡಿಕೊಂಡು ಕಿಟಕಿಯ ಕಡೆ ತಿರುಗಿದಳು. ಪವಿತ್ರ ಮಾತ್ರ ದಾರಿಯುದ್ದಕ್ಕೂ ಮಾತಾಡುತ್ತಿದ್ದಳು. ಅವಳವ್ವ ಕಡುಬು ಒತ್ತುವ ರೀತಿ, ಹೂರಣಕ್ಕೆ ಉಪ್ಪಿನ ಒಂದು ಹರಳು ಹಾಕುವುದು, ಹರಳು ಹಾಕಿದ್ದನ್ನು ಯಾರಿಗೂ ಹೇಳದಿರುವುದು. "ನಾನೂ ಹಾಕಿದ್ದೀನಿ ಮಾವ, ಅವ್ವ ಬಾಯಿಗಿಟ್ರೆ ಗೊತ್ತಾಗ್ತದೆ ನೋಡಿ." ನಾನು ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತಿ ಮುಚ್ಚಿದೆ. ನರಸೀಪುರದಲ್ಲಿ ಬಸ್ಸು ಬದಲಿಸುವಾಗ ಹೇಳಿಬಿಡೋಣ ಎಂದುಕೊಂಡೆ. ಸೋಸಲೆಯ ಬಸ್ಸು ಹೊರಟು ನಿಂತಿತ್ತು. ನನ್ನಂಥವನಿಗೆ ಅಷ್ಟು ನೆಪ ಸಾಕು.

ಅವಳವ್ವ ಜಯಮ್ಮ ಬಾಗಿಲಲ್ಲಿ ನನಗೆ ನೀರು ಕೊಟ್ಟು, "ಬನ್ನಿ ಬೀಗ್ರೇ" ಎಂದರು. ಮಗಳಿಗೆ "ಬಂದ್ಯಾ" ಎಂದರು, ಅಷ್ಟೆ. ಪವಿತ್ರ ತಾನು ಆಡಿ ಬೆಳೆದ ಮನೆಯಲ್ಲಿ ಚಾಪೆಯ ತುದಿಯಲ್ಲಿ ಕೂತಳು, ನಾನು ಪರರ ಮನೆಯಲ್ಲಿ ಕೂರುವ ಹಾಗೆ.

ಚಿನ್ನು ಮೀನನ್ನು ನೋಡಿ ಕುಣಿದಳು. ಬಾಲದ ಕಡೆಯಿಂದ ಕತ್ತರಿಸಿದಳು. ಮಕ್ಕಳು ಹಾಡಿದರು, ಕುಮಾರ ಚಪ್ಪಾಳೆ ತಟ್ಟಿದ. ಪವಿತ್ರ ಹೊಟ್ಟೆಯ ಕಡೆಯ ಒಂದು ದೊಡ್ಡ ತುಂಡನ್ನು ತಟ್ಟೆಗೆ ಹಾಕಿ ತಾಯಿಯ ಕೈಗೆ ಕೊಟ್ಟು, ಅವರ ಬಾಯನ್ನೇ ನೋಡುತ್ತ ನಿಂತಳು. ಜಯಮ್ಮ ಒಂದು ಚೂರು ಮುರಿದು ತಿಂದರು. ಮತ್ತೊಂದು ಚೂರು ಮುರಿದರು. ಬೆರಳಿನಿಂದ ತುಂಡನ್ನು ಬಿಡಿಸಿ ಬಿಡಿಸಿ ನೋಡಿದರು.

"ಕಾಯ್ಬೆಲ್ಲ ಅಂದಿದ್ದಂತೆ?"

ಪವಿತ್ರ ಉಳಿದ ಕೇಕಿನ ಕತ್ತರಿಸಿದ ಮುಖವನ್ನು ನೋಡಿದಳು. ಮೇಲಿನಿಂದ ಕೆಳಗಿನವರೆಗೂ ಒಂದೇ ಹಳದಿ, ನಡುವೆ ಗೆರೆಯೇ ಇಲ್ಲ. ಆಮೇಲೆ ನನ್ನನ್ನು ನೋಡಿದಳು. ನಾನು ಫ್ಯಾನನ್ನು ನೋಡಿದೆ.

"ಮರ್ತೆ ಕಣವ್ವ" ಎಂದಳು.

ಜಯಮ್ಮ ತಟ್ಟೆಯನ್ನು ಕೆಳಗಿಟ್ಟರು. "ಮರೀತೀಯ ಬುಡು. ನಮ್ಮನ್ನೇ ಮರ್ತೋಳ್ಗೆ ಕಾಯ್ಬೆಲ್ಲ ಯಾವ ದೊಡ್ಡದು?"

ನಾನು ಆಗಲೇ ಎದ್ದು ನಿಂತು ಹೇಳಿದೆ ಎಂದು ಬರೆಯಲು ಕೈ ತುರಿಸುತ್ತದೆ. ಹಾಗೆ ಆಗಲಿಲ್ಲ. ನನ್ನ ತಟ್ಟೆಯಲ್ಲಿ ಒಂದು ತುಂಡು ಇತ್ತು. ಅದನ್ನು ತಿಂದೆ. ಪೂರ್ತಿ ತಿಂದೆ. ಸೊಸೆ ನನ್ನ ತಪ್ಪನ್ನು ತನ್ನ ತಲೆಗೆ ಎಳೆದುಕೊಂಡು ತಾಯಿಯ ಎದುರು ತಲೆತಗ್ಗಿಸಿ ನಿಂತಿದ್ದಳು, ನಾನು ಬೆರಳಿಗೆ ಮೆತ್ತಿದ ನೀಲಿ ಕ್ರೀಮು ನೆಕ್ಕುತ್ತಿದ್ದೆ. ಕರಡಿ, ಮೀನು ಎಲ್ಲ ನಗುವ ಮಾತು. ಇದು ನಗುವ ಮಾತಲ್ಲ.

ಪವಿತ್ರ ಚಪ್ಪಲಿ ಮೆಟ್ಟಿಕೊಳ್ಳಲು ಬಾಗಿಲಿಗೆ ಹೋದಳು. "ಬಸ್ಸಿಗೆ ಹೊತ್ತಾಯ್ತು ಮಾವ, ಹೊರಡೋಣ." ಜಯಮ್ಮ ಅವಳ ಬೆನ್ನನ್ನೇ ನೋಡುತ್ತಿದ್ದರು, ತಡೆಯಲಿಲ್ಲ. ಈಗ ಇವಳು ಈ ಹೊಸಿಲು ದಾಟಿದರೆ ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಾಯಿತು. ಅದನ್ನು ತಿಳಿಯಲು ಓದು ಬೇಕಾಗಿರಲಿಲ್ಲ.

"ಅವಳು ಮರೀಲಿಲ್ಲ" ಎಂದೆ. ದನಿ ಸಣ್ಣಗೆ ಬಂತು. ಮತ್ತೆ ಹೇಳಿದೆ. "ಜಯಮ್ಮೋರೆ, ಅವಳು ಮರೀಲಿಲ್ಲ. ಹೂರಣ ಮಾಡಿಟ್ಟಿದ್ದಳು, ಉಪ್ಪಿನ ಹರಳೂ ಹಾಕಿದ್ದಳು. ಸೀಳಿ ತುಂಬಬೇಕಾಗಿದ್ದೋನು ನಾನು. ಸೀಳಲಿಲ್ಲ."

"ಯಾಕ್ ಸೀಳ್ನಿಲ್ಲ?"

"ಮೀನು ಅಂತ."

ಜಯಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು, ನಾನು ಅಂಗಡಿಯಲ್ಲಿ ಬಣ್ಣ ಹೋಗುವ ಬಟ್ಟೆಯನ್ನು ನೋಡುತ್ತಿದ್ದ ಹಾಗೆ.

"ಅದು ಮೈದಾಇಟ್ಟು ತಾನೆ ಬೀಗ್ರೇ?"

"ಹೌದು."

"ಊರ್ಣ ಏನಾಯ್ತು?"

"ತಿಂದೆ."

"ಎಲ್ಲಾನೂ?"

"ಎಲ್ಲಾನೂ."

ಮೊದಲು ನಕ್ಕವನು ಕುಮಾರ. ಬಾಯಿಗೆ ಟವೆಲು ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದ. ಜಯಮ್ಮ ನಗಲಿಲ್ಲ. ಹೊಸಿಲ ಹತ್ತಿರ ನಿಂತಿದ್ದ ಮಗಳ ಕಡೆ ನೋಡಿ, "ಲೇ ಪವಿ, ತೆಂಗಿನ್‌ಕಾಯಿ ಎಲ್ಲಿ ಮಡಗ್ತೀವಿ ನೆಪ್ಪದಾ, ಅದೂ ಮರ್ತಿದ್ದೀಯಾ?" ಎಂದರು.

ಪವಿತ್ರ ಚಪ್ಪಲಿ ಬಿಟ್ಟು ಯಾರನ್ನೂ ಕೇಳದೆ ನೇರ ಒಳಗೆ ಹೋದಳು. ಒಳಗಿನಿಂದ ಕಾಯಿ ಒಡೆದ ಸದ್ದು ಕೇಳಿತು.

"ನೀವೂ ಬನ್ನಿ" ಎಂದರು ಜಯಮ್ಮ ನನಗೆ. "ಕೆಲ್ಸ ಬಾಕಿ ಮಡಗಿದ್ದೀರಲ್ಲ, ಮುಗ್ಸೋಗಿ." ಅಡುಗೆಮನೆಯಲ್ಲಿ ಈಳಿಗೆಮಣೆಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು. "ಇದ್ರಲ್ಲಿ ನಾವು ದಿಟದ್ ಮೀನೇ ಕುಯ್ಯಾದು. ಉಜ್ಜಿ ತೊಳ್ದದೆ. ಆಗಾಕಿಲ್ಲ ಅಂದ್ರೆ ಯೋಳಿ, ಊವಿನ್ ದಾರ ಅದೆ."

ದಾರ ತೆಗೆದುಕೊಂಡೆ. ಅಷ್ಟು ಧೈರ್ಯ ನನಗೆ ಇನ್ನೂ ಬಂದಿಲ್ಲ.

ಕುಮಾರ, ಚಿನ್ನು, ನೆರೆಮನೆಯ ಹೆಂಗಸರು, ಎಲ್ಲರೂ ಸುತ್ತ ನಿಂತರು. ಬಾಲವಿಲ್ಲದ ಮೀನು ಮಣೆಯ ಮೇಲೆ. ಕ್ರೀಮು ಮೆತ್ತಿದ್ದರಿಂದ ಕಡ್ಡಿ ನಿಲ್ಲಲಿಲ್ಲ, ಸೆಕೆಗೆ ಕೇಕು ಮೆತ್ತಗಾಗಿತ್ತು, ಹೂವಿನ ದಾರ ಹುರಿ ಬಿಚ್ಚಿಕೊಳ್ಳುತ್ತಿತ್ತು. ಕಣ್ಣು ಮುಚ್ಚದೆ ಎಳೆದೆ. ದಾರ ಹೊಟ್ಟೆಯಲ್ಲಿ ಹೊಕ್ಕದ್ದು ಒಂದು ಕಡೆ, ಹೊರಬಂದದ್ದು ಬೆನ್ನಿನ ಮೇಲೆ. ಜೀವಮಾನದಲ್ಲಿ ನಾನು ಅಷ್ಟು ವಾರೆಯಾಗಿ ಏನನ್ನೂ ಕುಯ್ದಿರಲಿಲ್ಲ. ಮೇಲಿನ ಹೋಳು ಎತ್ತುವಾಗ ಎರಡು ತುಂಡಾಯಿತು.

"ಬಟ್ಟೆ ಅಂಗ್ಡೀಲೂ ಇಂಗೇ ಅರೀತಿದ್ರಾ ಬೀಗ್ರೇ?" ಎಂದ ಕುಮಾರ.

"ಅದಕ್ಕೇ ಮನೆಗೆ ಕಳಿಸಿದ್ರು" ಎಂದೆ. ಎಲ್ಲರೂ ನಕ್ಕರು. ನಗಲಿ ಎಂದೇ ಹೇಳಿದ್ದೆ.

ಒಲೆಯ ಮುಂದೆ ತಾಯಿ ಮಗಳು ಬೆನ್ನು ತಿರುಗಿಸಿ ನಿಂತಿದ್ದರು. ಪವಿತ್ರ ಬಾಣಲೆಯಲ್ಲಿ ಸೌಟು ಆಡಿಸುತ್ತಿದ್ದಳು. ಆಮೇಲೆ ಜಯಮ್ಮ, "ಏಲಕ್ಕಿ ಜಾಸ್ತಿಯಾಯ್ತು" ಎಂದರು. "ನೀನ್ ಆಕ್ತಿದ್ದಷ್ಟೇ ಆಕಿವ್ನಿ" ಎಂದಳು ಪವಿತ್ರ. "ನಾನ್ ಎಲ್ಲಿ ಇಷ್ಟ್ ಆಕ್ತಿದ್ದೆ?" ಎಂದರು ಜಯಮ್ಮ. ಇಬ್ಬರೂ ಒಂದೇ ಬಾಣಲೆಯಿಂದ ಚಿಟಿಕೆ ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡರು.

ಬಿಸಿ ಆರಿದ ಮೇಲೆ ನಾನೇ ಹೂರಣ ತುಂಬಿದೆ. ಮೇಲಿನ ತುಂಡುಗಳನ್ನು ತೇಪೆ ಹಾಕಿದಂತೆ ಕೂರಿಸಿದೆ. ಸಂದಿಯಿಂದ ಕಾಯಿತುರಿ ಇಣುಕುತ್ತಿತ್ತು. ಚಿನ್ನು ಬಗ್ಗಿ ನೋಡಿ, "ಅಜ್ಜಿ, ಈ ಮೀನಲ್ಲಿ ಮೊಟ್ಟೆ ಅದೆ ಕಣಜ್ಜಿ" ಎಂದಳು. ಮೊಟ್ಟೆ ತುಂಬಿದ ಮೀನು ಸಿಕ್ಕರೆ ಅದೃಷ್ಟವೆಂದು ಕುಮಾರ ನನಗೆ ಬಿಡಿಸಿ ಹೇಳಿದ. ಮೊಟ್ಟೆಯಿಲ್ಲದ ಕೇಕು ಎಂದು ಊರೆಲ್ಲ ಸಾರುವ ಮನೆಯವನು ನಾನು, ಕೈಯಾರೆ ಮೊಟ್ಟೆ ತುಂಬಿದ ಹಾಗಾಯಿತು. ಕೊಟ್ಟ ತುಂಡನ್ನು ಸುಮ್ಮನೆ ತಿಂದೆ. ಆ ದಿನ ನನ್ನ ಸಕ್ಕರೆ ಎಷ್ಟಿತ್ತೋ ನಾನು ನೋಡಿಸಲಿಲ್ಲ.

ಸಂಜೆ ಜಯಮ್ಮ, "ಪವಿ ಇವತ್ತು ಇಲ್ಲೇ ಉಳೀಲಿ ಬೀಗ್ರೇ, ನಾಳೆ ಕುಮಾರ ತಂದ್ ಬುಡ್ತಾನೆ" ಎಂದರು. ಪವಿತ್ರ ನನ್ನ ಜೊತೆ ಬೀದಿಯವರೆಗೂ ಬಂದಳು. ಕುಮಾರ ಬೈಕು ತಿರುಗಿಸುತ್ತಿದ್ದ. ಅವಳು ಮೆಲ್ಲಗೆ, "ನಿಮ್ಮ ಕೈಲಿ ಆಗಲ್ಲ ಅಂದಿದ್ರೆ ನಾನೇ ಸೀಳ್ತಿದ್ದೆ ಮಾವ. ಬೇಡ ಅಂತಿದ್ನಾ ನಾನು?" ಎಂದಳು. ನಾನು ಬೈಕು ಹತ್ತಿ ಕೂತೆ.

ಈಗ ಕುಮಾರನ ಬಾಯಲ್ಲಿ ಈ ಕತೆ ಕೇಳಿದ ಕೆಲವರು, "ನೀವು ಸೀಳದೆ ಇದ್ದದ್ದೇ ಒಳ್ಳೇದಾಯ್ತು ಬಿಡಿ, ಇಲ್ಲದಿದ್ರೆ ತಾಯಿ ಮಗಳು ಒಟ್ಟಿಗೆ ಒಲೆ ಮುಂದೆ ನಿಲ್ತಿದ್ರಾ" ಎನ್ನುತ್ತಾರೆ. ಒಳ್ಳೆಯದು ಮಾಡಿದವರು ಜಯಮ್ಮ. ನಾನು ಮಾಡಿದ್ದು ಹೂರಣ ತಿಂದದ್ದು, ಆಮೇಲೆ ಫ್ಯಾನು ನೋಡಿದ್ದು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ರಾಜಮ್ಮಣ್ಣಿ ನನ್ನ ಹಿಂದೆ ಬಾಗಿಲಾಚೆ ನೋಡಿ, "ಎಲ್ಲಿ ಹುಡುಗಿ?" ಎಂದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ನಡುವೆ ಬಾಯಿ ಹಾಕಲಿಲ್ಲ. ಹಾಗೆ ಅವಳು ಸುಮ್ಮನೆ ಕೇಳಿದರೆ ನನಗೆ ಭಯ. ಕೇಳಿ ಮುಗಿಸಿ, ತಟ್ಟೆಗೆ ಮುದ್ದೆ ಹಾಕಿ, "ನಾಳೇನೇ ಯಾಕೆ ಬರಬೇಕು, ಇನ್ನೂ ನಾಕು ದಿನ ಇದ್ದು ಬರ್ಲಿ ಅಂತ ಫೋನ್ ಮಾಡಿ" ಎಂದಳು. "ನೀವೇ ಮಾಡಿ."

ಮಾಡಿದೆ. ಆ ಕಡೆ ಜಯಮ್ಮ ಎತ್ತಿದರು. "ಒಂದ್ ಗಳ್ಗೆ ಬೀಗ್ರೇ, ಕೈ ಎಣ್ಣೆ ಆಗದೆ" ಎಂದು ಫೋನನ್ನು ಎಲ್ಲೋ ಇಟ್ಟರು. ಕೆಳಗಿಟ್ಟ ಫೋನಿನಲ್ಲಿ ಆ ಮನೆಯೆಲ್ಲ ಕೇಳುತ್ತಿತ್ತು.

"ಅವ್ವಾ, ಸಾಕು ಬುಡು, ಕಣ್ಣಿಗೆಲ್ಲ ಇಳೀತಾ ಅದೆ."

"ಸುಮ್ಕೆ ಕೂತ್ಕಳೇ. ಏನ್ ಕೂದ್ಲೇ ಇದು, ತೆಂಗಿನ್ ನಾರ್ ಆಗದೆ. ಎಣ್ಣೆ ಕಾಣಿಸ್ದೆ ಎಷ್ಟ್ ದಿನ ಆಯ್ತು?"

"ವಾರ ವಾರ ಆಕ್ತೀನಿ ಕಣೆ ನಾನು."

"ಆಕ್ದೆ. ನನ್ ಕಣ್ಣೇನ್ ಕುರುಡಾ? ತಲೆ ಬಗ್ಗಿಸು ಅಂದ್ರೆ."

"ಮೆತ್ಗೆ ಅವ್ವಾ, ಕೀಳ್‌ಬ್ಯಾಡ. ಥೂ, ಇವ್ಳ್ ಕೈ ಸೇದೋಗ."

ಕೊನೆಯ ಮಾತು ನಮ್ಮ ಪವಿತ್ರಳದು, ಗಟ್ಟಿ ದನಿಯಲ್ಲಿ. ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಯಾತಕ್ಕೆ ಫೋನು ಮಾಡಿದ್ದೆ ಎಂಬುದೇ ಮರೆತು ಕಿವಿಗೆ ಒತ್ತಿ ಹಿಡಿದು ಕೂತೆ.

"ಏನಂತಾರೆ?" ರಾಜಮ್ಮಣ್ಣಿ ಎದುರಿಗೆ ಬಂದು ನಿಂತಳು.

"ಜಗಳ ಆಡ್ತಾವ್ರೆ" ಎಂದೆ.

"ಯಾರು?"

"ತಾಯಿ ಮಗಳು."

"ಸದ್ಯ" ಎಂದು ನಿಟ್ಟುಸಿರು ಬಿಟ್ಟು, ನನ್ನ ಮುದ್ದೆಯ ನಡುವೆ ಗುಳಿ ಮಾಡಿ ಸಾರು ಬಡಿಸಿದಳು.